ಗಂಡ ಕಲಿಸಿದ ಜರ್ಮನ್

ಜರ್ಮನಿಯಲ್ಲಿದ್ದ ಗಂಡನ ಬಳಿ ಹೋಗಲು ವೀಸಾ ಸಿಗಬೇಕಾದರೆ ವನಮಾಲಾ ಜರ್ಮನ್ ಪರೀಕ್ಷೆ ಪಾಸಾಗಬೇಕಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಅವಳಿಗೆ, ಮೇಜು ಗಂಡು, ದೀಪ ಹೆಣ್ಣು ಎನ್ನುವ ಆ ವ್ಯಾಕರಣ ತಲೆಗೇ ಹತ್ತುತ್ತಿರಲಿಲ್ಲ. ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಪಾಠ ಒಪ್ಪಿಸಿಕೊಳ್ಳುತ್ತಿದ್ದ ಗಂಡ ನಗುತ್ತಿದ್ದ.

"ಇಂಗ್ಲಿಷ್ ಮೇಡಮ್ಮಿಗೆ ಇಷ್ಟೂ ಬರಲ್ವಾ? ಈ ಸಲಾನೂ ಫೇಲೇ. ಸುಮ್ನೆ ಊರಲ್ಲೇ ಇದ್ಬಿಡು."

ಅವಳು ಹಟ ಹಿಡಿದು ಓದಿದಳು.

ಒಂದು ಭಾನುವಾರ ಅವನ ಬೆನ್ನ ಹಿಂದಿನಿಂದ ಹೆಣ್ಣುದನಿಯೊಂದು ಜರ್ಮನ್‌ನಲ್ಲಿ ಏನೋ ಕೂಗಿತು.

"ಯಾರ್ರೀ ಅದು?"

"ಮನೆ ಓನರ್. ಕಸದ ಡಬ್ಬಿ ಹೊರಗಿಡು ಅಂತಿದಾಳೆ. ನಿಂಗೆಲ್ಲಿ ಅರ್ಥ ಆಗತ್ತೆ, ಬಿಡು."

"ಅರ್ಥ ಆಯ್ತು," ಎಂದಳು ವನಮಾಲಾ. "‘ನಮ್ಮ ಮಗಳು ಎದ್ದಿದಾಳೆ, ಅಪ್ಪ ಬೇಕಂತೆ, ಬಾ’ ಅಂದಳು."