ಎದೆಯ ಮೇಲಿನ ಮೂರು ಅಕ್ಷರ

ತೋಳಿನ ತುದಿಗೆ ಹತ್ತಿದ್ದು ರಕ್ತವೇ. ಮಗನ ಶರ್ಟನ್ನು ವಾಷಿಂಗ್ ಮೆಷಿನ್ನಿಗೆ ಹಾಕಲು ಹೋದ ಫಖರುನ್ನಿಸಾ ಅಲ್ಲೇ ನಿಂತಳು. ಟೊಮೆಟೊ ಸಾಸ್ ಇರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಉಗುರಿನಿಂದ ಕೆರೆದು ನೋಡಿದಳು. ಇಪ್ಪತ್ತೆರಡು ವರ್ಷ ಅಡುಗೆಮನೆಯಲ್ಲಿ ಕಳೆದವಳಿಗೆ ಸಾಸ್ ಯಾವುದು, ರಕ್ತ ಯಾವುದು ಎಂದು ತಿಳಿಯದೆ ಇರುತ್ತದೆಯೆ? 

ನಯೀಮ್ ಶನಿವಾರ ಬೆಳಿಗ್ಗೆ ಕಾಲೇಜಿನಿಂದ ಕ್ಯಾಂಪ್‌ಬೆಲ್ ಊರಿನ ಮನೆಗೆ ಬಂದಿದ್ದ. ಬಂದವನೇ ಸೋಫಾದ ಮೇಲೆ ಬಿದ್ದು ನಿದ್ದೆಹೋಗಿದ್ದ. ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು, ಅಂಗೈ ತುಂಬ ಬೊಬ್ಬೆ. ಎಂಜಿನಿಯರಿಂಗಿನ ಮೂರನೇ ವರ್ಷದಲ್ಲಿ ಅಂಗೈಗೆ ಬೊಬ್ಬೆ ಬರಿಸುವ ಪಾಠ ಯಾವುದೋ ಅವಳಿಗೆ ಗೊತ್ತಿರಲಿಲ್ಲ. ನಿದ್ದೆಯಲ್ಲೇ ಅವನು "ಒನ್ ಮೋರ್, ಒನ್ ಮೋರ್" ಎಂದು ಕನವರಿಸಿದ.

ಅವನ ಬ್ಯಾಗಿನ ತಳದಲ್ಲಿ ಒಂದು ಜಾಕೆಟ್ ಸಿಕ್ಕಿತು. ಅದರ ಎದೆಯ ಮೇಲೆ ಮೂರು ದೊಡ್ಡ ಅಕ್ಷರ. ಇಂಗ್ಲಿಷಂತೂ ಅಲ್ಲ, ಅದರಲ್ಲೊಂದು ಬರೀ ತ್ರಿಕೋನ. ಅದನ್ನು ಹಿಡಿದುಕೊಂಡು ಅವಳು ಮಹಡಿ ಮೇಲಿನ ರಮಾಳ ಮನೆಗೆ ಓಡಿದಳು.

ರಮಾಳ ಮಗ ಬೇರೆ ಕಾಲೇಜಿನಲ್ಲಿ ಓದಿ ಮುಗಿಸಿದ್ದ. ಹಾಗಾಗಿ ಅವಳಿಗೆ ಇದೆಲ್ಲ ಗೊತ್ತು. ಅದು ಫ್ರೆಟರ್ನಿಟಿ ಎಂದಳು. ಕಾಲೇಜು ಹುಡುಗರ ಸಂಘ, ಆ ಗ್ರೀಕ್ ಅಕ್ಷರಗಳೇ ಅದರ ಹೆಸರು. ಒಂದೇ ಮನೆಯಲ್ಲಿರುತ್ತಾರೆ, ಒಬ್ಬರನ್ನೊಬ್ಬರು ಅಣ್ಣತಮ್ಮ ಎನ್ನುತ್ತಾರೆ. ಆದರೆ ಆ ಅಕ್ಷರಗಳನ್ನು ಹೊಸಬರು ಸುಮ್ಮನೆ ಹಾಕಿಕೊಳ್ಳುವಂತಿಲ್ಲ. ಆ ಹಕ್ಕನ್ನು ಸಂಪಾದಿಸಬೇಕು. ಎಂಟು ವಾರ ನೆಲ ಒರೆಸಬೇಕು, ಹೇಳಿದ್ದು ಕೇಳಬೇಕು. ಕೆಲವು ಕಡೆ ಮರದ ಪಟ್ಟಿಯಿಂದ ಏಟು ತಿನ್ನಬೇಕು. ಹೋದ ವರ್ಷ ಯಾವುದೋ ಊರಿನಲ್ಲಿ ಒಬ್ಬ ಹುಡುಗ ಸತ್ತೇ ಹೋದನಂತೆ.

"ಆದ್ರೆ ಮೊದಲನೇ ವರ್ಷದ ಹುಡುಗ್ರನ್ನೇ ಜಾಸ್ತಿ ಸೇರಿಸ್ಕೊಳ್ಳೋದು ಕಣ್ರೀ," ಎಂದಳು ರಮಾ.

ನಯೀಮ್ ಎಲ್ಲದರಲ್ಲೂ ತಡವೇ, ಅವನು ನಡೆಯಲು ಕಲಿತದ್ದೂ ಒಂದೂವರೆ ವರ್ಷಕ್ಕೆ ಎಂದು ಫಖರುನ್ನಿಸಾ ಉತ್ತರ ಕೊಟ್ಟಳು. ಜಾಕೆಟ್ಟಿನ ಮೊಣಕೈ ಸವೆದಿದ್ದು ಕಣ್ಣಿಗೆ ಬಿತ್ತು. ಯಾರದೋ ಹಳೆಯದನ್ನು ಕೊಟ್ಟಿದ್ದಾರೆ ಅಂದುಕೊಂಡಳು. ಈದ್‌ಗೆ ತಂದ ಬಟ್ಟೆಯನ್ನು ಈದಿನ ಬೆಳಿಗ್ಗೆಯವರೆಗೆ ಯಾರಾದರೂ ಮುಟ್ಟುತ್ತಾರೆಯೆ? ಪಾಪ, ಹಾಕಿಕೊಳ್ಳುವ ದಿನ ಬರಲಿ ಎಂದು ಮಡಿಸಿಟ್ಟು ಕಾಯುತ್ತಿದ್ದಾನೆ ಮಗು.

ಮನೆಗೆ ಬಂದು, ಮಲಗಿದ್ದವನ ಬೆನ್ನನ್ನು ಮೆಲ್ಲಗೆ ಒತ್ತಿ ನೋಡಿದಳು. ಅವನು ಮಿಸುಕಲಿಲ್ಲ. ಸದ್ಯ, ಏಟನ್ನೆಲ್ಲ ಕೈ ಅಡ್ಡ ಹಿಡಿದು ತಡೆದುಕೊಂಡಿದ್ದಾನೆ ಎಂದುಕೊಂಡಳು. ಆದರೆ ಎಷ್ಟು ದಿನ ತಡೆದಾನು?

ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟಳು. ನಯೀಮ್ ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ಇನ್ನೆರಡು ವಾರ ಅಷ್ಟೇ ಅಮ್ಮೀ, ಆಮೇಲೆ ಎಲ್ಲ ಮುಗಿಯುತ್ತೆ," ಎಂದ. "ಸುಮ್ನೆ ಕೊಟ್ರೆ ಅದಕ್ಕೇನು ಬೆಲೆ? ಇಟ್ ಹ್ಯಾಸ್ ಟು ಬಿ ಅರ್ನ್ಡ್. ಅಬ್ಬಾಗೆ ಹೇಳ್ಬೇಡ."

ಹೇಳೋಣವೆಂದರೆ ಅಬ್ಬಾ ಎಲ್ಲಿದ್ದ? ಗಂಡ ಖಾಸಿಂನ ಕಂಪನಿ ಮುಂದಿನ ತಿಂಗಳು ಷೇರುಪೇಟೆಗೆ ಇಳಿಯುವುದಿತ್ತು. ಕಂಪ್ಯೂಟರ್ ಕಂಪನಿಗಳೇ ತುಂಬಿದ ಈ ಇಡೀ ಕಣಿವೆಯ ಗಂಡಸರಿಗೆ ಹಿಡಿದ ಹುಚ್ಚು ಅವನಿಗೂ ಹಿಡಿದು, ಅವನು ಆಫೀಸಿನಲ್ಲೇ ಹಾಸಿಗೆ ಹಾಕಿಕೊಂಡಿದ್ದ.

ಭಾನುವಾರ ಮಧ್ಯಾಹ್ನ ನಯೀಮ್ ಮತ್ತೆ ನಿದ್ದೆಹೋದ. ಫಖರುನ್ನಿಸಾ ಬಿರಿಯಾನಿಯನ್ನು ದೊಡ್ಡ ಡಬ್ಬಿಗೆ ತುಂಬಿದಳು. ಬ್ಯಾಗಿನಲ್ಲಿದ್ದ ಹಾಳೆಯಿಂದ ಆ ಸಂಘದ ಮನೆಯ ವಿಳಾಸ ಬರೆದುಕೊಂಡು ಕಾರು ಹತ್ತಿದಳು. ಅವಳು ಒಬ್ಬಳೇ ಫ್ರೀವೇಗೆ ಇಳಿದದ್ದು ಅದೇ ಮೊದಲು. ಪಕ್ಕದಲ್ಲಿ ಟ್ರಕ್ಕು ಬಂದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಕೈಮುಗಿದೋ ಬಿರಿಯಾನಿ ಬಡಿಸಿಯೋ ಮಗನನ್ನು ಬಿಟ್ಟುಬಿಡುವಂತೆ ಆ ಹುಡುಗರನ್ನು ಒಪ್ಪಿಸಬೇಕು, ಒಪ್ಪದಿದ್ದರೆ ಪೊಲೀಸು. ಮಗ ಮುನಿಸಿಕೊಂಡರೂ ಚಿಂತೆಯಿಲ್ಲ, ಬದುಕಿದ್ದರೆ ಸಾಕು.

ಬಾಗಿಲು ತೆಗೆದವನು ಹದಿನೆಂಟರ ಹುಡುಗ. ಕೈಯಲ್ಲಿ ನೆಲ ಒರೆಸುವ ಬಟ್ಟೆ, ಮೈಮೇಲೆ ಅಕ್ಷರವಿಲ್ಲದ ಬಿಳಿ ಟೀಶರ್ಟು. ಅವಳ ಹರುಕು ಇಂಗ್ಲಿಷ್ ಕೇಳಿ ಅವನೇ ಸಲಾಂ ಹೇಳಿದ. ಹೆಸರು ಮಾಝ್, ಮನೆ ಪ್ಲೆಸೆಂಟನ್, ತಂದೆತಾಯಿ ಮೈಸೂರಿನವರು. ಕನ್ನಡ ಬರುತ್ತದೆ, ಸ್ವಲ್ಪ. ಉಳಿದವರೆಲ್ಲ ಹೊರಗೆ ಹೋಗಿದ್ದಾರಂತೆ.

ಡಬ್ಬಿ ಇಸಿದುಕೊಳ್ಳಲು ಬಗ್ಗಿದವನು ನರಳಿದ. ತೆಳು ಬಟ್ಟೆಯೊಳಗೆ ಬೆನ್ನಿನುದ್ದಕ್ಕೂ ನೀಲಿಗಟ್ಟಿದ ಪಟ್ಟೆಗಳು ಕಂಡವು. 

"ನಿನ್ನ ಅಮ್ಮನಿಗೆ ಗೊತ್ತೇನಪ್ಪಾ ಇದು?"

ಅವನು ಇಲ್ಲವೆಂದು ತಲೆಯಾಡಿಸಿದ. ಇದರಲ್ಲಿ ಯಾರದೂ ತಪ್ಪಿಲ್ಲ ಎಂದ. ಆ ಅಕ್ಷರಗಳನ್ನು ಎಲ್ಲರೂ ಹೀಗೇ ಸಂಪಾದಿಸಿದ್ದಂತೆ, ಇನ್ನು ಎರಡೇ ವಾರವಂತೆ. ಪಾಠ ಒಪ್ಪಿಸುವವನಂತೆ ಅವನು ಹೇಳುತ್ತಿದ್ದ. ಅವಳು ಅವನ ಮಾತು ತಡೆದಳು.

"ಹೊಡೆದೋನ ಹೆಸರು ಹೇಳು ಮಗಾ. ನನ್ನ ಮಗನ ಮೇಲೂ ಅವನೇ ಕೈ ಮಾಡಿರೋದು. ನಾನು ಸುಮ್ನೆ ಬಿಡೋಳಲ್ಲ."

"ನಿಮ್ಮ ಮಗ ಯಾರು ಆಂಟಿ?"

"ನಯೀಮ್."

ಮಾಝ್ ಡಬ್ಬಿಯನ್ನು ಮೆಲ್ಲಗೆ ನೆಲದ ಮೇಲಿಟ್ಟ. ಎರಡು ಹೆಜ್ಜೆ ಹಿಂದೆ ಸರಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ನೆಲ ನೋಡುತ್ತಾ ನೆಟ್ಟಗೆ ನಿಂತ. 

"ಆಂಟಿ, ನಾನು ಯಾರ ಹೆಸರೂ ಹೇಳಿಲ್ಲ ಅಂತ ನಯೀಮ್‌ಗೆ ನೀವೇ ಹೇಳಿ, ಪ್ಲೀಸ್."