ಎದ್ದು ನಿಂತ ಸಭೆ

ಚಳಿಗಾಲದ ಮುಸ್ಸಂಜೆ ತಾಲೀಮು ಶುರುವಾಗಿತ್ತು. ಹಳೆಯ ಕತೆಗಳನ್ನು ಹೆಣೆದು ಕಟ್ಟಿದ ಹೊಸ ಸಂಗೀತ ನಾಟಕ, ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲಿ. ಇದು ಬಿದ್ದರೆ ಕಂಪನಿಯೇ ಮುಚ್ಚಬೇಕು. ಆ ಭಾಷೆಯ ಗಂಧವೇ ಇಲ್ಲದ ನಿರ್ದೇಶಕ ಗೋರಿನ್, ಅದೇ ಲಿಪಿಯ ಯಾವುದೋ ಹಳೆಯ ಪುಸ್ತಕದಿಂದ ನಾಲ್ಕು ಸಾಲು ಹೆಕ್ಕಿ ಮದುವೆಯ ಹಾಡು ಮಾಡಿಸಿದ್ದ.

“ಇದು ಮದುವೇಲಿ ಹೇಳೋದಲ್ಲ ಕಣಪ್ಪ,” ಎಂದಳು ಮುದಿ ನಟಿ ಫ್ರೇಡಲ್.

“ಅರ್ಥ ಯಾರಿಗೆ ಬೇಕಜ್ಜೀ? ನೀವು ಕುಣೀರಿ, ಸಾಕು.”

ಮೊದಲ ಪ್ರಯೋಗದಲ್ಲಿ ಆ ಹಾಡು ಎತ್ತಿದ್ದೇ ತಡ, ಸಭೆಯ ಮುದುಕರೆಲ್ಲ ಎದ್ದು ನಿಂತರು. ಕೆಲವರು ಕಣ್ಣೊರೆಸಿಕೊಂಡರು.

“ನೋಡಿದಿರಾ, ಕಂಪನಿ ಉಳೀತು!” ಎಂದು ಗೋರಿನ್ ಬೀಗಿದ.

ಪರದೆ ಬಿದ್ದ ಮೇಲೆ ಮುದುಕನೊಬ್ಬ ಒಳಗೆ ಬಂದು ಅವನ ಕೈ ಹಿಡಿದುಕೊಂಡ.

“ಸಮಾಧಾನ ಮಾಡ್ಕೊಳ್ಳಪ್ಪ. ತೀರಿಕೊಂಡವರು ಯಾರು? ಯಾವತ್ತು ಹೋದರು?”