ರಟ್ಟಿನ ಕಿಂಡಿ

ಗಂಡ ಸ್ನಾನ ಮುಗಿಸಿ ಕೆಲಸದ ಕೋಣೆಗೆ ಬಂದಾಗ ಅವನ ಕಂಪ್ಯೂಟರಿನ ದೊಡ್ಡ ಪರದೆಗೆ ಯಾರೋ ರಟ್ಟು ಅಂಟಿಸಿದ್ದರು. ಯಾರೋ ಏನು ಬಂತು, ಹೆಂಡತಿಯೇ. ರಟ್ಟಿನ ನಡುವೆ ಮೊಬೈಲಿನಷ್ಟೇ ಅಗಲದ ಒಂದು ಕಿಂಡಿ.

"ಇದೇನೇ ಇದು?"

"ಇವತ್ತು ನಿಮ್ಮ ಪರದೆ ಇಷ್ಟೇ ರೀ. ಈ ಕಿಂಡೀಲಿ ಕಾಣದ್ದು ನಮ್ಮ ಸಾಫ್ಟ್‌ವೇರಿನಲ್ಲೂ ಇಲ್ಲ ಅಂತ ತಿಳ್ಕೊಳ್ಳಿ."

"ಕಣ್ಣಿಗೆ ಪಟ್ಟಿ ಕಟ್ಟೋಕೆ ನಾನೇನು ಗಾಣದ ಎತ್ತಾ?"

"ಎತ್ತಾಗಿದ್ರೆ ಹೇಳಿದ ಮಾತು ಕೇಳ್ತಿತ್ತು."

ಆಪರೇಷನ್ ಕೋಣೆಯ ಹೊರಗೆ ಕಾದು ಕೂತ ಮನೆಯವರಿಗೆ, ಒಳಗಿರುವವರು ಹೇಗಿದ್ದಾರೆಂದು ತಿಳಿಸುವ ಸಾಫ್ಟ್‌ವೇರ್ ಅದು. ಬರೆದವನು ಗಂಡ. ನೋಡಲು ಹೇಗಿರಬೇಕು ಎಂದು ಹೇಳುವುದು ಹೆಂಡತಿಯ ಕೆಲಸ. ಹೇಳಿದ್ದನ್ನು ಕೇಳುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ನಾಡಿಯ ಅಲೆ, ರಕ್ತದೊತ್ತಡದ ಬಣ್ಣದ ಗೆರೆ, ಹಾಸಿಗೆಗಳ ನಕ್ಷೆ, ವೈದ್ಯರ ಪಟ್ಟಿ ಎಲ್ಲವನ್ನೂ ಅವನು ಆ ದೊಡ್ಡ ಪರದೆಯ ಮೇಲೆ ಹರಡಿ ಕೂತಿದ್ದ. ಹೋದ ತಿಂಗಳು ಆಸ್ಪತ್ರೆಯ ಹೆಡ್ ನರ್ಸ್ ಅದನ್ನು ತಮ್ಮ ಮೊಬೈಲಿನಲ್ಲಿ ತೆರೆದರೆ, ಸಕ್ಕರೆಗೆ ಮುತ್ತಿದ ಇರುವೆಗಳ ಹಾಗೆ ಕಂಡಿತು. "ಹೊರಗೆ ಕೂತೋರ ಕೈಲಿರೋದು ಮೊಬೈಲು. ಕಂಪ್ಯೂಟರ್ ಹೊತ್ಕೊಂಡು ಯಾರಪ್ಪಾ ಆಸ್ಪತ್ರೆಗೆ ಬರ್ತಾರೆ?" ಎಂದು ಎದ್ದು ಹೋಗಿದ್ದರು. ಇವತ್ತು ಸಂಜೆ ಇನ್ನೊಮ್ಮೆ ಬರುವವರಿದ್ದರು. ಈ ಸಲವೂ ಬೇಡ ಅಂದರೆ ಈ ಕೋಣೆಗೆ ಬೀಗ ಹಾಕಿ, ಇಬ್ಬರೂ ಮತ್ತೆ ಇನ್ನೊಬ್ಬರ ಕೈಕೆಳಗೆ ದುಡಿಯಲು ಹೋಗುವುದೊಂದೇ ದಾರಿ.

"ಮೊದಲು ಮೊಬೈಲಿಗೆ ಮಾಡೋಣ, ಆಮೇಲೆ ದೊಡ್ಡದಕ್ಕೆ ಹಿಗ್ಗಿಸೋಣ ಅಂತ ಶುರುವಿನಲ್ಲೇ ಬಡ್ಕೊಂಡೆ," ಎಂದಳು ಹೆಂಡತಿ.

"ದೊಡ್ಡದನ್ನ ಕುಗ್ಗಿಸಿದ್ರೆ ಆಯ್ತಪ್ಪ, ಅದಕ್ಕೇನು?"

"ನಿಮ್ಮ ಪ್ಯಾಂಟು ಕುಗ್ಗಿಸಿ ಮಗೂಗೆ ಹಾಕಿದ್ರೆ ಜೇಬು ಮೊಣಕಾಲಿಗೆ ಬರುತ್ತೆ. ಅದಕ್ಕೇನು!"

ಅವನು ಗೊಣಗುತ್ತಲೇ ಕೂತ. ಅವಳು ಕಾಫಿ ಮಾಡಿಕೊಂಡು ವಾಪಸು ಬಂದವಳು ಬಾಗಿಲಲ್ಲೇ ನಿಂತಳು.

"ಕಿಂಡಿ ಬೆಳೆದಿದೆಯಲ್ಲ?"

"ಬಿಸಿಲಿಗೆ ಹಿಗ್ಗಿರಬೇಕು."

"ಕತ್ತರಿ ಯಾಕೆ ನಿಮ್ಮ ತೊಡೆ ಕೆಳಗಿದೆ?"

ಅವನು ಕತ್ತರಿಯನ್ನು ತೆಗೆದು ಮೇಜಿನ ಮೇಲಿಟ್ಟ. ಅವಳು ಟೇಪು ಹಚ್ಚಿ ಕಿಂಡಿಯನ್ನು ಮೊದಲಿನ ಅಳತೆಗೇ ತಂದಳು. ಆಗ ಅವನಿಗೆ ನಿಜವಾಗಿ ಕೋಪ ಬಂತು. "ಈ ನಾಡಿ ಅಲೆ ಕೂರಿಸೋಕೆ ನಾನು ಎಷ್ಟು ಒದ್ದಾಡಿದ್ದೀನಿ ಗೊತ್ತಾ ನಿಂಗೆ? ಅದನ್ನ ತೆಗಿ ಅಂತೀಯಲ್ಲ!"

"ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತಿದ್ದೀನಿ."

"ಕಾಲೇ ಕತ್ತರಿಸು ಅಂತಿದ್ದೀಯ ನೀನು!"

ಹೆಂಡತಿ ಕಾಫಿ ಲೋಟವನ್ನು ಅವನ ಮುಂದಿಟ್ಟು ಪಕ್ಕದ ಸ್ಟೂಲಿನ ಮೇಲೆ ಕೂತಳು. ಈ ಸಲ ದನಿ ಇಳಿಸಿ ಕೇಳಿದಳು: "ನನಗೆ ಹೊಟ್ಟೆ ಆಪರೇಷನ್ ಆದ ದಿನ ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ರಲ್ಲ. ಆವತ್ತು ನಿಮಗೆ ಏನು ತಿಳೀಬೇಕು ಅನ್ನಿಸ್ತಿತ್ತು? ನನ್ನ ನಾಡಿ ಅಲೆಯಾ?"

ಅವನು ಕುರ್ಚಿಯನ್ನು ಕಿಂಡಿಯ ಕಡೆ ತಿರುಗಿಸಿಕೊಂಡ. ಆಮೇಲೆ, "ನೀನು ಆಚೆ ಹೋಗು. ನನ್ನ ಪಾಡಿಗೆ ಕೆಲಸ ಮಾಡೋಕೆ ಬಿಡು," ಎಂದು ರೇಗಿದ. ಅವಳು ಬಾಗಿಲು ಎಳೆದುಕೊಂಡು ಹೋದಳು. ಸಂಜೆಯವರೆಗೂ ಅವನು ಅವಳನ್ನು ಒಳಗೆ ಬಿಡಲಿಲ್ಲ.

ಹೆಡ್ ನರ್ಸ್ ಬಂದವರು ಕುರ್ಚಿಯ ತುದಿಯಲ್ಲಿ ಕೂತು, ಬೇಗ ಎದ್ದು ಹೋಗುವವರ ಹಾಗೆ ಚೀಲವನ್ನು ಹೆಗಲಲ್ಲೇ ಇಟ್ಟುಕೊಂಡು ಮೊಬೈಲ್ ತೆರೆದರು. ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು: ಎಚ್ಚರವಾಗಿದ್ದಾರೆ. ಅದರ ಕೆಳಗೆ: ಅವರು ಆಡಿದ ಮೊದಲ ಮಾತು – "ನಮ್ಮನೆಯವರು ಊಟ ಮಾಡಿದ್ರಾ ಕೇಳಿ."

"ನಾಡಿ ಎಲ್ಲಿ?" ಎಂದರು.

"ಕೆಳಗಿದೆ ಮೇಡಂ. ಬೇಕಾದೋರು ಬೆರಳಲ್ಲಿ ಸರಿಸಿ ನೋಡ್ಕೊಳ್ಳಲಿ," ಎಂದ ಗಂಡ, ನಾಡಿಯ ಅಲೆ ಯಾರ ಮನೆಯದೋ ಎನ್ನುವ ಹಾಗೆ.

ಅವರ ಹೆಬ್ಬೆರಳು ಕೆಳಗೆ ಹೋಯಿತು, ಮತ್ತೆ ಮೇಲೆ ಬಂದು ಮೊದಲ ಸಾಲಿನ ಹತ್ತಿರ ನಿಂತಿತು. ಚೀಲ ಹೆಗಲಿನಿಂದ ಇಳಿಯಿತು. "ಸೋಮವಾರದಿಂದ ನಮ್ಮ ವಾರ್ಡಿಗೆ ಹಾಕಿ," ಎಂದರು. "ರೋಗಿಗಳ ಮೊದಲ ಮಾತು ಬರೆಯೋಕೆ ನಮ್ಮ ನರ್ಸ್ ಹುಡುಗೀರಿಗೆ ನಾನು ಹೇಳ್ಕೊಡ್ತೀನಿ. ಆದ್ರೆ ಈ ಉದಾಹರಣೆ ಬದಲಾಯಿಸಿಬಿಡಿ. ಆಪರೇಷನ್ ಆಗಿ ಎಚ್ಚರಾದೋರು ಯಾರಾದ್ರೂ ಗಂಡನ ಊಟ ಕೇಳ್ತಾರಾ?"

ಗಂಡ ಗದ್ದದಿಂದ ಬಾಗಿಲ ಬಳಿ ನಿಂತಿದ್ದ ಹೆಂಡತಿಯ ಕಡೆ ತೋರಿಸಿದ. "ಇವಳು ಕೇಳಿದ್ದಳು. ನರ್ಸ್ ಬಂದು ಹೇಳಿದ್ರು."

"ನಾನಾ?" ಹೆಂಡತಿ ಗಾಬರಿಯಾದಳು. "ನಂಗೆ ನೆನಪೇ ಇಲ್ವಲ್ಲ. ನೀವೂ ಯಾವತ್ತೂ ಹೇಳಲಿಲ್ಲ."

"ಮಂಪರಲ್ಲಿ ಆಡಿದ ಮಾತು. ಏನು ಹೇಳೋದು ಅದನ್ನ?"

ಅವಳು ಮೊಬೈಲನ್ನು ಹೆಡ್ ನರ್ಸ್ ಕೈಯಿಂದ ತೆಗೆದುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದಳು. "ಮತ್ತೆ, ಮಾಡಿದ್ರಾ?"

ಅವನು ಅವಳ ಮುಖ ನೋಡಲಿಲ್ಲ. "ನೀನು ಕೇಳಿದೆ ಅಂತ ಗೊತ್ತಾದ ಮೇಲೆ ಮಾಡಿದೆ."